ಮೋಟಾರಿಗಿಂತ ಮೊದಲು ಲೆಕ್ಕ



ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂದು ಯಂತ್ರದ ಮಾದರಿ ಮಾಡಬೇಕು. ಅಂಗಡಿಗೆ ಹೋಗಿ ನೀವು ಮೊದಲು ಕೇಳುವುದೇನು? "ಇರುವುದರಲ್ಲೇ ಜೋರಾದ ಮೋಟಾರ್ ಕೊಡಿ" ಎಂದಲ್ಲವೇ? ಮೋಟಾರ್ ದೊಡ್ಡದಾದಷ್ಟೂ ಯಂತ್ರ ಚೆನ್ನಾಗಿರುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲು ಲೆಕ್ಕ, ಆಮೇಲೆ ಸ್ಕ್ರೂ, ಕೊನೆಗೆ ಮೋಟಾರ್. ಇದೇ ಸರಿಯಾದ ಕ್ರಮ. ಏಕೆ ಎಂಬುದನ್ನು ಹಾಡು ಕೊರೆಯುವ ಒಂದು ಯಂತ್ರದ ಉದಾಹರಣೆಯಿಂದ ನೋಡೋಣ.

ಹಾಡು ಕೊರೆಯುವುದೇ? ಹೌದು! ಗ್ರಾಮಫೋನ್ ತಟ್ಟೆಯನ್ನು ಹಳೆಯ ಸಿನಿಮಾಗಳಲ್ಲಿ ನೀವು ನೋಡಿರಬಹುದು. ಅದರ ಮೇಲೆ ಅಂಚಿನಿಂದ ನಡುವಿನ ಕಡೆಗೆ ಸುರುಳಿಯಾಗಿ ಸಾಗುವ ಒಂದು ಸಣ್ಣ ಗೀರು ಇರುತ್ತದೆ. ಹಾಡುವಾಗ ಗಾಳಿ ಕಂಪಿಸುತ್ತದೆ. ಆ ಕಂಪನ ಸೂಜಿಯನ್ನು ಅಲುಗಿಸುತ್ತದೆ. ಅಲುಗುವ ಸೂಜಿ ತಟ್ಟೆಯ ಮೇಲೆ ಅಂಕುಡೊಂಕಾದ ಗೀರು ಕೊರೆಯುತ್ತದೆ. ಆ ಗೀರಿನಲ್ಲಿ ಮತ್ತೆ ಸೂಜಿ ಓಡಿಸಿದರೆ ಹಾಡು ಮರಳಿ ಕೇಳಿಸುತ್ತದೆ.

1877ರಲ್ಲಿ ಥಾಮಸ್ ಎಡಿಸನ್ ಮಾಡಿದ ಮೊದಲ ಫೋನೋಗ್ರಾಫ್‌ನಲ್ಲಿ ತಟ್ಟೆಯ ಬದಲು ತವರದ ಹಾಳೆ ಸುತ್ತಿದ ಉರುಳೆಯಿತ್ತು. ಆ ಉರುಳೆಯ ದಂಡಕ್ಕೆ ಸ್ಕ್ರೂವಿನಂತೆ ಎಳೆಗಳಿದ್ದವು. ಅದನ್ನು ಕೈಯಿಂದ ತಿರುಗಿಸುತ್ತಿದ್ದರು. 1887ರಲ್ಲಿ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯನ್ನು ತಂದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗೆ ಕೊರೆದರು. ಮುಂದೆ ಮೈಸೂರು ಅರಮನೆಯ ಗಾಯಕಿಯಾದ ಅವರು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆದರೆ ಅವರ ದನಿ ಇಂದಿಗೂ ಉಳಿದಿದೆ!

ಈ ಯಂತ್ರದಲ್ಲಿ ಎರಡು ಚಲನೆಗಳಿವೆ. ತಟ್ಟೆ ತಿರುಗಬೇಕು. ಸೂಜಿ ಬಹಳ ನಿಧಾನವಾಗಿ ಒಳಕ್ಕೆ ಸರಿಯಬೇಕು. ಕಲಬುರಗಿಯಲ್ಲಾಗಲಿ ನಂದೂರ ಕೈಗಾರಿಕಾ ಪ್ರದೇಶದಲ್ಲಾಗಲಿ ವರ್ಕ್‌ಶಾಪ್‌ನಲ್ಲಿ ಲೇತ್ ಓಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಲೇತಿನಲ್ಲಿ ಕಬ್ಬಿಣದ ತುಂಡು ತಿರುಗುತ್ತಿರುವಾಗ, ಒಂದು ಉದ್ದನೆಯ ಸ್ಕ್ರೂ ಉಳಿಯನ್ನು ಮೆಲ್ಲಗೆ ಮುಂದಕ್ಕೆ ಒಯ್ಯುತ್ತದೆ. ಅದೇ ಲೀಡ್ ಸ್ಕ್ರೂ. ಹಾಡು ಕೊರೆಯುವ ಯಂತ್ರವೂ ಒಂದು ಬಗೆಯ ಲೇತ್.

ಈಗ ಲೆಕ್ಕಕ್ಕೆ ಬರೋಣ. ಹಳೆಯ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಸುತ್ತಿನ ಗೀರಿಗೂ ಮುಂದಿನ ಸುತ್ತಿನ ಗೀರಿಗೂ ಸುಮಾರು 0.25 ಮಿ.ಮೀ. ಅಂತರ ಇರುತ್ತಿತ್ತು. ಹಾಗಾದರೆ ಸೂಜಿ ಒಂದು ನಿಮಿಷದಲ್ಲಿ ಎಷ್ಟು ಸರಿಯಬೇಕು?

78 × 0.25 = 19.5 ಮಿ.ಮೀ.

ನಿಮಿಷಕ್ಕೆ ಎರಡು ಸೆಂಟಿಮೀಟರೂ ಇಲ್ಲ. ಇರುವೆಗಿಂತ ನಿಧಾನ! ಇದಕ್ಕೆ ಜೋರಾದ ಮೋಟಾರ್ ಏಕೆ ಬೇಕು ಹೇಳಿ?

ಮುಂದಿನದು ಸ್ಕ್ರೂ. ಸ್ಕ್ರೂ ಒಂದು ಸುತ್ತು ತಿರುಗಿದಾಗ ನಟ್ ಎಷ್ಟು ದೂರ ಸರಿಯುತ್ತದೋ ಅದೇ ಅದರ ಪಿಚ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8 ಮಿ.ಮೀ. ದಪ್ಪದ ಸಾಮಾನ್ಯ ಥ್ರೆಡ್ ರಾಡಿನ ಪಿಚ್ 1.25 ಮಿ.ಮೀ. ಅಂದರೆ 19.5 ಮಿ.ಮೀ. ಸರಿಯಲು ಅದು ನಿಮಿಷಕ್ಕೆ 19.5 ÷ 1.25 = 15.6 ಸುತ್ತು ತಿರುಗಿದರೆ ಸಾಕು. ತಟ್ಟೆ ಐದು ಸುತ್ತು ತಿರುಗುವಾಗ ಸ್ಕ್ರೂ ಒಂದೇ ಸುತ್ತು!

ತ್ರೀಡಿ ಪ್ರಿಂಟರಿಗೆಂದು ಮಾರುವ ಹೊಳೆಯುವ ಸ್ಕ್ರೂಗಳೂ ಇವೆ. ಅವುಗಳಲ್ಲಿ ಹೆಚ್ಚಾಗಿ ಸಿಗುವ ಒಂದು ಬಗೆ, ಸುತ್ತಿಗೆ 8 ಮಿ.ಮೀ. ಸರಿಯುತ್ತದೆ. ವೇಗವಾಗಿ ಓಡಬೇಕಾದ ಕಡೆ ಅದು ಒಳ್ಳೆಯದೇ. ಆದರೆ ನಮ್ಮ ಯಂತ್ರದಲ್ಲಿ ಅದು ನಿಮಿಷಕ್ಕೆ ಎರಡೂವರೆ ಸುತ್ತಿಗಿಂತ ತುಸು ಕಡಿಮೆ ತಿರುಗಬೇಕಾಗುತ್ತದೆ. ಅಷ್ಟು ನಿಧಾನವಾಗಿ ಸಮನಾಗಿ ತಿರುಗಿಸುವುದು ಕಷ್ಟ. ಸುತ್ತಿನಲ್ಲಿ ಸ್ವಲ್ಪ ತಪ್ಪಿದರೂ ಸೂಜಿ ಬಹಳ ದೂರ ಜಿಗಿಯುತ್ತದೆ. ಆದ್ದರಿಂದ ಹೆಚ್ಚಿನ ಬೆಲೆಯ ಸ್ಕ್ರೂಗಿಂತ ಇಲ್ಲಿ ಸಾಧಾರಣ ಥ್ರೆಡ್ ರಾಡೇ ಮೇಲು.

ಆದರೆ ರಾಡ್ ನೆಟ್ಟಗಿರಬೇಕು. ನುಣುಪಾದ ಶಹಾಬಾದ್ ಕಲ್ಲಿನ ನೆಲದ ಮೇಲೆ ಅದನ್ನು ಉರುಳಿಸಿ ನೋಡಿ. ಕುಣಿಯುತ್ತಾ ಉರುಳಿದರೆ ಅದು ಬಾಗಿದೆ, ಬೇಡ. ಬಾಗಿದ ಸ್ಕ್ರೂ ಸುತ್ತು ಸುತ್ತಿಗೂ ಸೂಜಿಯನ್ನು ಅಲುಗಿಸುತ್ತದೆ. ಗೀರಿನ ಅಗಲವೇ ಸುಮಾರು 0.15 ಮಿ.ಮೀ. ಎರಡು ಗೀರುಗಳ ನಡುವೆ ಉಳಿಯುವ ಗೋಡೆ 0.1 ಮಿ.ಮೀ. ಮಾತ್ರ. ಸೂಜಿ ಅತ್ತಿತ್ತ ಹೋದರೆ ಗೋಡೆ ಒಡೆದು ಗೀರುಗಳು ಒಂದಾಗುತ್ತವೆ.

ಕೊನೆಗೆ ಮೋಟಾರ್. ಸ್ಕ್ರೂ ಒಂದು ಸರಳ ಯಂತ್ರ ಎಂದು ನೀವು ಓದಿದ್ದೀರಿ. ಇಳಿಜಾರನ್ನು ದಂಡಕ್ಕೆ ಸುತ್ತಿದರೆ ಅದೇ ಸ್ಕ್ರೂ. ಅದು ಸಣ್ಣ ಬಲವನ್ನು ದೊಡ್ಡದು ಮಾಡುತ್ತದೆ. ಆದ್ದರಿಂದ ಪುಟ್ಟ ಮೋಟಾರೂ ಸಾಕು. ತೊಗರಿ ಒಡೆಯುವ ದಾಲ್ ಮಿಲ್ಲಿಗೆ ಬಲ ಬೇಕು. ಹಾಡು ಕೊರೆಯುವ ಸೂಜಿಗೆ ಬೇಕಾದದ್ದು ಅಲುಗಾಟವಿಲ್ಲದ ಸಮಗತಿ.

"ಸ್ಟೆಪ್ಪರ್ ಮೋಟಾರ್ ಹಾಕಿದರೆ ನಿಖರವಾಗಿರುತ್ತದಲ್ಲ?" ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ತಿರುಗುತ್ತದೆ. ನಿಮಿಷಕ್ಕೆ 15.6 ಸುತ್ತು ಎಂದರೆ 3120 ಹೆಜ್ಜೆ. ಸೆಕೆಂಡಿಗೆ 52 ಹೆಜ್ಜೆ. ನಮ್ಮ ಕಿವಿಗೆ ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳು ಕೇಳಿಸುತ್ತವೆ. ಹಾಗಾದರೆ ಆ 52 ಹೆಜ್ಜೆಗಳ ನಡುಕವೂ ಗೀರಿನಲ್ಲಿ ಕೊರೆದು, ಹಾಡಿನ ಜೊತೆ "ಗುಂಯ್" ಎಂದು ಕೇಳಿಸಬಹುದಲ್ಲವೇ? ಹೆಜ್ಜೆಗಳನ್ನು ಇನ್ನೂ ಚಿಕ್ಕದಾಗಿ ಒಡೆಯುವ ಸರ್ಕಿಟ್ ಹಾಕಿದರೆ ನಡುಕ ಕಡಿಮೆಯಾಗುತ್ತದೆ, ಆದರೆ ಖರ್ಚು ಹೆಚ್ಚುತ್ತದೆ.

ನನ್ನ ಆಯ್ಕೆ ಹೀಗಿದೆ: ನಿಮಿಷಕ್ಕೆ 30 ಸುತ್ತು ತಿರುಗುವ 12 ವೋಲ್ಟಿನ ಗೇರ್ ಮೋಟಾರ್. ಅದರಿಂದ ಸ್ಕ್ರೂವಿಗೆ ರಬ್ಬರ್ ಬೆಲ್ಟ್. ಸ್ಕ್ರೂವಿನ ಗಾಲಿ ಮೋಟಾರಿನ ಗಾಲಿಗಿಂತ ಎರಡು ಪಟ್ಟು ದೊಡ್ಡದಿರಲಿ. ಆಗ ಸ್ಕ್ರೂ ನಿಮಿಷಕ್ಕೆ 15 ಸುತ್ತು ತಿರುಗಿ, ಗೀರುಗಳ ಅಂತರ 0.24 ಮಿ.ಮೀ. ಆಗುತ್ತದೆ. ರಬ್ಬರು ಮೋಟಾರಿನ ನಡುಕವನ್ನೂ ಬಹಳಷ್ಟು ಹೀರಿಕೊಳ್ಳುತ್ತದೆ.

ತಟ್ಟೆ ತಿರುಗಿಸಲು ಬೇರೆ ಮೋಟಾರ್ ಇರಲಿ. ಅದರ ಕೆಲಸ ಹೆಚ್ಚು ಸೂಕ್ಷ್ಮ. ತಟ್ಟೆಯ ವೇಗ ಏರಿಳಿದರೆ ಹಾಡಿನ ಶ್ರುತಿಯೇ ಕೆಡುತ್ತದೆ. ಅದಕ್ಕೆ ತಟ್ಟೆಯ ಕೆಳಗೆ ಭಾರವಾದ ಚಕ್ರ ಇರಿಸಬೇಕು. ಕುಂಬಾರನ ತಿಗರಿ ಭಾರವಾಗಿರುವುದೂ ಇದಕ್ಕೇ ಅಲ್ಲವೇ? ಗೌಹರ್ ಜಾನ್ ಅವರ ಕಾಲದಲ್ಲಿ ಇಂಥ ಯಂತ್ರಗಳನ್ನು ಸಾಮಾನ್ಯವಾಗಿ ಮೆಲ್ಲಗೆ ಕೆಳಗಿಳಿಯುವ ತೂಕದ ಕಲ್ಲು ತಿರುಗಿಸುತ್ತಿತ್ತು. ಭೂಮಿಯ ಸೆಳೆತ ಎಂದೂ ಏರಿಳಿಯದು. ಆಗಿನವರೂ ಸಮಗತಿಯನ್ನೇ ಆರಿಸಿದ್ದರು.

ಹಾಡು ಕೊರೆಯಲು ಬೇಡವಾದ ಒಂದು ಸಿ.ಡಿ. ಸಾಕು. ಅದರ ಮೇಲೆ ಒಂದೂವರೆ ನಿಮಿಷ ಹಿಡಿಸುತ್ತದೆ. ಹೇಗೆ? 78 × 1.5 = 117 ಸುತ್ತು. 117 × 0.25 = ಸುಮಾರು 29 ಮಿ.ಮೀ. ಸಿ.ಡಿ.ಯ ಮೇಲೆ ಅಷ್ಟು ಜಾಗವಿದೆ, ಅಳೆದು ನೋಡಿ. ಅಜ್ಜಿ ಹೇಳುವ ಬೀಸುಕಲ್ಲಿನ ಪದವೊಂದಕ್ಕೆ ಇಷ್ಟು ಹೊತ್ತು ಸಾಲದೇ? ಅವರ ದನಿ ನಿಮ್ಮ ಕೈಯಾರೆ ಕೊರೆದ ಗೀರಿನಲ್ಲಿ ಉಳಿಯುತ್ತದೆ. ಅದು "ಗುಂಯ್" ಎಂಬ ಸದ್ದಿನಲ್ಲಿ ಮುಳುಗಿಹೋಗಬಾರದು. ಅಪ್ಪ ಅಮ್ಮ ಕೊಟ್ಟ ಹಣವೂ ಬೇಡದ ಮೋಟಾರಿಗೆ ಹೋಗಬಾರದು.

ಮಾಡಿ ನೋಡಿ: ಒಂದು ಬೋಲ್ಟ್ ಮತ್ತು ನಟ್ ತೆಗೆದುಕೊಳ್ಳಿ. ನಟ್ ಇರುವ ಜಾಗಕ್ಕೆ ಗುರುತು ಹಾಕಿ. ಸರಿಯಾಗಿ ಹತ್ತು ಸುತ್ತು ತಿರುಗಿಸಿ. ಅದು ಸರಿದ ದೂರವನ್ನು ಸ್ಕೇಲಿನಿಂದ ಅಳೆದು ಹತ್ತರಿಂದ ಭಾಗಿಸಿ. ನಿಮಗೆ ಪಿಚ್ ಸಿಕ್ಕಿತು! ನಿಮ್ಮ ಬೋಲ್ಟನ್ನೇ ಲೀಡ್ ಸ್ಕ್ರೂ ಮಾಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಬೇಕು? ಲೆಕ್ಕ ಹಾಕಿ ನಿಮ್ಮ ಶಿಕ್ಷಕರಿಗೆ ತೋರಿಸಿ. ಯಂತ್ರ ಕಟ್ಟುವಾಗಲೂ ಅವರು ಜೊತೆಗಿರಲಿ. ಗೋಡೆಯ ಪ್ಲಗ್ಗಿನ 230 ವೋಲ್ಟ್ ವಿದ್ಯುತ್ತನ್ನು ಮಾತ್ರ ಮುಟ್ಟಬೇಡಿ. ಬ್ಯಾಟರಿಯೇ ಸಾಕು.

ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಹಣದ ಜೊತೆ ಈ ಲೆಕ್ಕದ ಚೀಟಿಯೂ ಇರಲಿ.