ಎರಡು ಗೋಡೆಗಳ ನಡುವಿನ ಸಂಸಾರ

ಯುದ್ಧದ ಸುದ್ದಿ ಎಂದರೆ ನಮಗೆ ಎಷ್ಟು ಕ್ಷಿಪಣಿ, ಎಷ್ಟು ಟ್ಯಾಂಕು, ಯಾವ ಊರು ಯಾರ ಕೈಗೆ ಬಿತ್ತು ಎಂಬ ಲೆಕ್ಕಾಚಾರ. ಆ ಊರಿನಲ್ಲಿ ಸಂಸಾರ ಹೇಗೆ ನಡೆಯುತ್ತಿದೆ ಎಂದು ಕೇಳುವವರು ಕಡಿಮೆ. ಉಕ್ರೇನಿನ ಹಾರ್ಕಿವ್ ನಗರವನ್ನೇ ನೋಡಿ. ರಷ್ಯಾದ ಗಡಿ ಎಷ್ಟು ಹತ್ತಿರವೆಂದರೆ, ಸೈರನ್ ಕೂಗುವ ಮೊದಲೇ ಕ್ಷಿಪಣಿ ಬಂದು ಬಿದ್ದದ್ದುಂಟು. ಹಾಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಕ್ಕಳಿಗೆ ಮೆಟ್ರೊ ನಿಲ್ದಾಣಗಳ ಒಳಗೇ, ನೆಲದಡಿಯಲ್ಲಿ, ತರಗತಿಗಳು ಶುರುವಾದವು. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವುದು ‘ಎರಡು ಗೋಡೆ’ಯ ನಿಯಮ: ಮೊದಲ ಗೋಡೆ ಸ್ಫೋಟದ ಹೊಡೆತ ತಾಳಬೇಕು, ಎರಡನೆಯದು ಸಿಡಿದು ಬರುವ ಚೂರುಗಳನ್ನು ತಡೆಯಬೇಕು. ಅದಕ್ಕೇ ಕಿಟಕಿಯಿರುವ ಮಲಗುವ ಕೋಣೆ ಬಿಟ್ಟು ಕಾರಿಡಾರ್‌ನಲ್ಲೋ ಬಚ್ಚಲುಮನೆಯಲ್ಲೋ ಹಾಸಿಗೆ. ಕರೆಂಟು ಇದ್ದಷ್ಟು ಹೊತ್ತಿನಲ್ಲೇ ಅಡುಗೆ, ಬಟ್ಟೆ ಒಗೆತ, ಮೊಬೈಲ್ ಚಾರ್ಜು ಎಲ್ಲವೂ ಮುಗಿಯಬೇಕು. 2022ರ ಫೆಬ್ರುವರಿ 24ರಂದು ರಷ್ಯಾ ದಾಳಿಯಿಟ್ಟ ಬೆನ್ನಿಗೇ, ಕೆಲವು ವಿನಾಯಿತಿಗಳ ಹೊರತು, 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿಲ್ಲ ಎಂದಾಯಿತು. ಹೆಂಡತಿ ಮಕ್ಕಳು ಪೋಲೆಂಡಿನ ರೈಲು ಹತ್ತಿದರು, ಗಂಡ ಅಲ್ಲೇ ಉಳಿದ. ಎಷ್ಟೋ ಮಕ್ಕಳಿಗೆ ಅಪ್ಪ ಎಂದರೆ ವಿಡಿಯೊ ಕಾಲ್‌ನಲ್ಲಿ ಕಾಣುವ ಮುಖ ಅಷ್ಟೇ. ಇದು ನಮಗೆ ಸಂಬಂಧವಿಲ್ಲದ ಯುದ್ಧವೂ ಅಲ್ಲ. ದಾಳಿಯ ಮೊದಲ ವಾರದಲ್ಲೇ ಇದೇ ಹಾರ್ಕಿವ್‌ನಲ್ಲಿ, ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿದ್ದ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ತಿನಿಸು ತರಲು ಹೋದವನಿಗೂ ಸೈನಿಕನಿಗೂ ಕ್ಷಿಪಣಿ ಭೇದ ಮಾಡುವುದಿಲ್ಲ. ಟಿ.ವಿ. ಮುಂದೆ ಕೂತು ‘ಒಂದು ಯುದ್ಧ ಆಗಿಯೇಬಿಡಲಿ’ ಎಂದು ತೊಡೆ ತಟ್ಟುವವರು ಇಷ್ಟನ್ನಾದರೂ ನೆನಪಿಡಲಿ.