ಬೀದಿ ತಿಂಡಿ ಬೇಕು, ಬೀದಿಯವಳು ಬೇಡ!

ಯುಗಾದಿ ಮುಗಿದು ಬಿಸಿಲು ಏರುತ್ತಿದ್ದಂತೆ ಬೆಂಗಳೂರಿನ ಬಡಾವಣೆಗಳಲ್ಲಿ ಬ್ಯಾನರ್ ಏಳುತ್ತವೆ. ಬೇಸಿಗೆ ಮೇಳ, ತಿಂಡಿ ಹಬ್ಬ, ಸಮ್ಮರ್ ಫುಡ್ ಫೆಸ್ಟ್. ಮೂರು ದಿನ, ಸಂಜೆ ನಾಲ್ಕರಿಂದ ರಾತ್ರಿ ಹತ್ತು. ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: 'ಅಪ್ಪಟ ಹಳ್ಳಿ ಸೊಗಡು'. ಈ ಸಾಲು ಇಲ್ಲದ ಬ್ಯಾನರ್ ನಾನಂತೂ ನೋಡಿಲ್ಲ.

ಊರಲ್ಲಿ ಕೂತು ಫೋನಿನಲ್ಲಿ ಇದನ್ನು ಓದುತ್ತಿರುವ ನಿಮಗೆ 'ಬೆಂಗಳೂರಿನವರು ಏನು ತಿಂದರೆ ನಮಗೇನು' ಅನ್ನಿಸಬಹುದು. ನಮಗೇನು ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ. ಆ ಮೇಳದ ತಟ್ಟೆಯಲ್ಲಿರುವ ರಾಗಿ, ಮಾವು, ಸೌತೆಕಾಯಿ ನಮ್ಮವು. ಬಾಗಿಲಿಗೆ ಕಟ್ಟಿದ ಬಾಳೆಕಂದು ನಮ್ಮದು. ಮೇಳಕ್ಕೆ ಮೊದಲು ಆ ರಸ್ತೆಯಿಂದ ಎಬ್ಬಿಸಿ ಕಳಿಸುವ ತಳ್ಳುಗಾಡಿಯವರೂ ನಮ್ಮವರೇ.

2025ರ ಮೇ ತಿಂಗಳಲ್ಲಿ ನಡೆದದ್ದು. ನಾನು ಆಗ ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಬಡಾವಣೆಯ ಹೆಸರು ಬೇಡ. ಎರಡು ರಸ್ತೆ ಆಚೆ ಒಂದು ಪಾರ್ಕು, ಅದರ ಮೂಲೆಯಲ್ಲಿ ನಮ್ಮ ಕಡೆಯ ಒಬ್ಬ ಅಕ್ಕನ ಗಾಡಿ. ಶ್ರೀನಿವಾಸಪುರದ ಕಡೆಯವಳು. ಗಂಡನಿಗೆ ಬೆನ್ನುನೋವು, ಊರಲ್ಲಿ ಎರಡು ಎಕರೆ ಖುಷ್ಕಿ, ಬೋರ್‌ವೆಲ್ ಬತ್ತಿ ಎಷ್ಟೋ ವರ್ಷ. ಬೇಸಿಗೆಯಲ್ಲಿ ಗಿಣಿಮೂತಿ ಮಾವಿನಕಾಯಿ ಸೀಳಿ ಉಪ್ಪುಖಾರ ಹಾಕಿ ಕೊಡುತ್ತಾಳೆ, ಮಳೆಗಾಲದಲ್ಲಿ ಜೋಳ ಸುಡುತ್ತಾಳೆ, ಚಳಿಗಾಲದಲ್ಲಿ ಕಡಲೆಕಾಯಿ. ಒಂದು ಕಾಯಿ ಇಪ್ಪತ್ತು ರೂಪಾಯಿ. ಆಫೀಸಿನಿಂದ ಬರುವ ನನಗೆ ಕೋಲಾರದ ಮಾತು ಕಿವಿಗೆ ಬೀಳುತ್ತಿದ್ದ ಏಕೈಕ ಜಾಗ ಅದು.

ಮೇಳಕ್ಕೆ ಎರಡು ದಿನ ಇರುವಾಗ ಅವಳ ಗಾಡಿ ಕಾಣಲಿಲ್ಲ. ಫೋನ್ ಮಾಡಿದರೆ, 'ಜಾಗ ಖಾಲಿ ಮಾಡು ಅಂದ್ರಪ್ಪ, ಇಲ್ಲಾಂದ್ರೆ ಗಾಡಿ ಎತ್ಕೊಂಡು ಹೋಗ್ತಾರಂತೆ' ಅಂದಳು. ಹೇಳಿದವರು ಯಾರು? ಅವಳಿಗೆ ಗೊತ್ತಿಲ್ಲ. ಖಾಕಿ ಹಾಕಿದವರು ಒಬ್ಬರು, ಹಾಕದವರು ಇಬ್ಬರು. ಕಾಗದ ಕೊಟ್ಟರಾ ಅಂದೆ. ನಕ್ಕಳು.

ನಾನು ಮೇಳಕ್ಕೆ ಹೋದೆ. ಹೋಗದೆ ಬೈಯುವುದು ಸರಿಯಲ್ಲವಲ್ಲ. ಬಾಗಿಲಿಗೆ ಒಣಹುಲ್ಲಿನ ಕಮಾನು. ಒಳಗೆ ಎತ್ತಿಲ್ಲದ ಎತ್ತಿನ ಗಾಡಿ. ಪಕ್ಕದಲ್ಲಿ ಬೀಸುವ ಕಲ್ಲು, ಅದರ ಮುಂದೆ ಫೋಟೊಕ್ಕೆ ಸಾಲು. ಕಲ್ಲಿನಲ್ಲಿ ಒಂದು ಕಾಳೂ ಇರಲಿಲ್ಲ, ಬರಿಕಲ್ಲನ್ನೇ ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮ್ಮಜ್ಜಿ ನೋಡಿದ್ದರೆ ಕಲ್ಲು ಸವೆಯುತ್ತದೆ ಅಂತ ಗದರುತ್ತಿದ್ದಳು. ಮುದ್ದೆ ಊಟದ ಮಳಿಗೆಯಲ್ಲಿ ಪಂಚೆ ಉಟ್ಟು ಪೇಟ ಸುತ್ತಿದ ಹುಡುಗ. ಯಾವೂರಪ್ಪ ಅಂತ ಕೇಳಿದರೆ ಬಿಹಾರ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ಹೊಟ್ಟೆಪಾಡಿಗೆ ಯಾವುದೋ ಹಳ್ಳಿ ಬಿಟ್ಟು ಬಂದವನೇ. ಪೇಟ ಜಾರಿದಾಗಲೆಲ್ಲ ಪಾಪ ಮೊಣಕೈಯಲ್ಲಿ ಸರಿಮಾಡಿಕೊಳ್ಳುತ್ತಿದ್ದ.

ಮುದ್ದೆ ಒಂದಕ್ಕೆ ಅರವತ್ತು ರೂಪಾಯಿ, ಸಾರಿಗೆ ಬೇರೆ. ಲೆಕ್ಕ ಹಾಕೋಣ. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಂದರೆ ಕೇಜಿಗೆ ನಲವತ್ತೊಂಬತ್ತು ರೂಪಾಯಿಯೂ ಇಲ್ಲ. ಒಂದು ಕೇಜಿ ಹಿಟ್ಟಿಗೆ ಎಂಟರಿಂದ ಹತ್ತು ಮುದ್ದೆ ಆಗುತ್ತದೆ, ನಿಮ್ಮ ಮನೆಯಲ್ಲೇ ಕೇಳಿ. ಒಂದು ಮುದ್ದೆಯೊಳಗೆ ರೈತನ ಪಾಲು ಐದಾರು ರೂಪಾಯಿ. ಬೀಸಿದ ಕೂಲಿ, ಗ್ಯಾಸು, ಬಾಡಿಗೆ, ಸಂಬಳ ಎಲ್ಲ ಸೇರಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಬ್ಯಾನರಿನಲ್ಲಿ ರೈತನ ಹೆಸರು ಹೇಳಿ ವ್ಯಾಪಾರ ಮಾಡುವವರು ಆ ಐದಾರು ರೂಪಾಯಿಯ ಕಥೆಯನ್ನೂ ಒಂದು ಮೂಲೆಯಲ್ಲಿ ಬರೆಯಬೇಕಿತ್ತು.

ಅದರ ಪಕ್ಕದ ಮಳಿಗೆಯಲ್ಲಿ ಏನಿತ್ತು ಗೊತ್ತೇನ್ರಿ? ಗಿಣಿಮೂತಿ ಮಾವಿನಕಾಯಿ ಸೀಳಿ ಉಪ್ಪುಖಾರ! ಕಾಗದದ ಲೋಟದಲ್ಲಿ, ಮೇಲೆ ಒಂದು ಪುದೀನ ಎಲೆ, ಎಂಬತ್ತು ರೂಪಾಯಿ. ಮೇಲುಗಡೆ 'ಸ್ಟ್ರೀಟ್ ಸ್ಟೈಲ್' ಅಂತ ಬೋರ್ಡು. ಬೀದಿಯಲ್ಲಿ ಅದನ್ನು ಮಾರುತ್ತಿದ್ದವಳನ್ನು ಓಡಿಸಿ, ಅದೇ ಬೀದಿಯಲ್ಲಿ, ಬೀದಿಯ ಹೆಸರಿನಲ್ಲೇ ಮಾರಾಟ.

ಕೌಂಟರಿನವರನ್ನು ಮಳಿಗೆ ಬಾಡಿಗೆ ಎಷ್ಟು ಅಂತ ಕೇಳಿದೆ. ಮೂರು ದಿನಕ್ಕೆ ಅವರು ಹೇಳಿದ ಮೊತ್ತವನ್ನು ಅಕ್ಕ ಒಂದು ತಿಂಗಳಿನಲ್ಲಿ ಉಳಿಸುವುದೂ ಕಷ್ಟ. ಮುಂಗಡ ಬೇರೆ, ಆನ್‌ಲೈನ್ ಫಾರಂ ಬೇರೆ, ಅದೂ ಇಂಗ್ಲಿಷಿನಲ್ಲಿ. 'ಯಾರು ಬೇಕಾದರೂ ಬುಕ್ ಮಾಡಬಹುದಿತ್ತು' ಅಂದರು. ಹೌದು, ಯಾರು ಬೇಕಾದರೂ ವಿಮಾನವನ್ನೂ ಕೊಳ್ಳಬಹುದು.

ಗಿಣಿಮೂತಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಆ ಮೇಳ ನಡೆದ ಮರುತಿಂಗಳೇ, 2025ರ ಜೂನ್‌ನಲ್ಲಿ, ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಬಾರದು ಅಂತ ಗಡಿ ಮುಚ್ಚಿತು. ನಮ್ಮ ಕಡೆಯ ತೋತಾಪುರಿ ಹೆಚ್ಚಾಗಿ ಹೋಗುವುದು ಅಲ್ಲಿನ ತಿರುಳು ಕಾರ್ಖಾನೆಗಳಿಗೆ. ಕಾಯಿ ತುಂಬಿದ ಲಾರಿ ಗಡಿಯಲ್ಲಿ ನಿಂತವು, ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಒಪ್ಪಿಕೊಂಡ ದರ ಕ್ವಿಂಟಲ್‌ಗೆ 1,616 ರೂಪಾಯಿ. ಕೇಜಿಗೆ ಹದಿನಾರು. ಪುದೀನ ಎಲೆ ಇಟ್ಟ ಲೋಟಕ್ಕೆ ಎಂಬತ್ತು ಕೊಟ್ಟ ಎಷ್ಟು ಜನರಿಗೆ ಈ ಸುದ್ದಿ ತಲುಪಿತೋ!

ಬೆಂಗಳೂರಿನ ಬೇಸಿಗೆ ಹಬ್ಬಗಳೆಲ್ಲ ಹೀಗೇ ಅಂದರೆ ಅನ್ಯಾಯವಾಗುತ್ತದೆ. ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಮಲ್ಲಿಗೆ ಹೊತ್ತ ಕರಗದ ಜೊತೆ ಕತ್ತಿ ಹಿಡಿದ ವೀರಕುಮಾರರು, ಹಳೇ ಪೇಟೆಯ ಬೀದಿಗಳು, ಮಸ್ತಾನ್ ಸಾಹೇಬರ ದರ್ಗಾ. ಕರಗ ಹೊರುವ ತಿಗಳರು ಮೂಲತಃ ಹೂವು, ತರಕಾರಿ ಬೆಳೆದ ತೋಟಗಾರ ಜನ. ಅಂದರೆ ಈ ನಗರದ ಅತಿ ದೊಡ್ಡ ಬೇಸಿಗೆ ಹಬ್ಬ ಮಣ್ಣಿನಲ್ಲಿ ಕೈ ಹಾಕಿದವರದ್ದು. ಆ ರಾತ್ರಿ ಯಾರೂ ಟಿಕೆಟ್ ಕೇಳುವುದಿಲ್ಲ. ಬೀದಿಬದಿಯಲ್ಲಿ ಬತ್ತಾಸು, ಕಡ್ಲೆಪುರಿ, ಬಳೆ, ಬಲೂನು ಮಾರುವವರು ಬೆಳಗಿನವರೆಗೂ ಇರುತ್ತಾರೆ. ಅವರಿಲ್ಲದೆ ಅದು ಕರಗವೇ ಅಲ್ಲ.

ರಾಮನವಮಿಯೂ ಹಾಗೇ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಆ ದಿನ ನಡೆದುಕೊಂಡು ಹೋಗಿ ನೋಡಿ. ಗುಡಿಯ ಮುಂದೆ, ಆಟೊ ಸ್ಟ್ಯಾಂಡಿನಲ್ಲಿ, ಅಂಗಡಿ ಬಾಗಿಲಲ್ಲಿ ಪಾನಕ, ಹೆಸರುಬೇಳೆ ಕೋಸಂಬರಿ, ನೀರುಮಜ್ಜಿಗೆ. ನೀವು ಯಾರು, ಯಾವ ಅಪಾರ್ಟ್‌ಮೆಂಟು ಅಂತ ಕೇಳುವವರಿಲ್ಲ, ಲೋಟ ಕೈಗೆ ಬರುತ್ತದೆ. ನನ್ನ ಮೊದಲ ಬೆಂಗಳೂರು ಬೇಸಿಗೆಯಲ್ಲಿ, ಸಂಬಳ ಬರದ ತಿಂಗಳಲ್ಲಿ, ಆ ಒಂದು ದಿನ ಮಧ್ಯಾಹ್ನದ ಊಟ ನಾನು ಕೋಸಂಬರಿಯಲ್ಲೇ ಮುಗಿಸಿದ್ದೆ. ನಾಲ್ಕು ಕಡೆ ನಿಂತೆ, ನಾಲ್ಕು ಕಡೆಯೂ ಎರಡನೇ ಸಲ ಕೊಟ್ಟರು.

ವ್ಯಾಪಾರದ ಮೇಳವನ್ನೂ ನೆಟ್ಟಗೆ ಮಾಡಬಹುದು. ಲಾಲ್‌ಬಾಗಿನ ಮಾವು ಮೇಳದಲ್ಲಿ ರೈತರೇ ಮಳಿಗೆಯಲ್ಲಿ ಕೂತು ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಮಾರುತ್ತಾರೆ. ಕಾರ್ಬೈಡ್ ಹಾಕದೆ ಮಾಗಿಸಿದ ಹಣ್ಣು ಅಂತ ಜನ ದೂರದಿಂದ ಬರುತ್ತಾರೆ. ಹಾಪ್‌ಕಾಮ್ಸ್‌ನವರು ಬಿಸಿಲು ಶುರುವಾಗುವ ಹೊತ್ತಿಗೆ ದ್ರಾಕ್ಷಿ, ಕಲ್ಲಂಗಡಿ ಮೇಳ ಮಾಡುತ್ತಾರೆ. ಅಲ್ಲೂ ದೂರು ಇಲ್ಲವೆಂದಲ್ಲ, ಮಳಿಗೆ ಸಿಗದ ರೈತರು ನನಗೇ ಗೊತ್ತು. ಆದರೂ ಬೆಳೆದವನ ಮುಖ ಕೊಂಡವನಿಗೆ ಕಾಣುತ್ತದೆ. ಬಡಾವಣೆಯ ಮೇಳದವರು ಇದನ್ನು ಯಾಕೆ ಮಾಡಲಾರರು? ಐವತ್ತು ಮಳಿಗೆಯಲ್ಲಿ ಹತ್ತನ್ನು ಆ ರಸ್ತೆಯ ಗಾಡಿಯವರಿಗೂ, ಹಳ್ಳಿಯ ಸ್ತ್ರೀಶಕ್ತಿ ಸಂಘಗಳಿಗೂ ಬಾಡಿಗೆ ಇಲ್ಲದೆ ಬಿಟ್ಟರೆ ಯಾರ ಮನೆ ಹಾಳಾಗುತ್ತದೆ?

ಈ ಮಾತನ್ನು ಆ ಬಡಾವಣೆಯ ಹಿರಿಯರೊಬ್ಬರ ಮುಂದೆ ಹೇಳಿದೆ. ಸಜ್ಜನರು, ಸಿಟ್ಟಾಗದೆ ಕೇಳಿಸಿಕೊಂಡರು. ಅವರ ಮೊದಲ ಉತ್ತರ: ಫುಟ್‌ಪಾತ್ ಇರುವುದು ನಡೆಯುವುದಕ್ಕೆ. ಒಪ್ಪುತ್ತೇನೆ. ಮಂಡಿನೋವಿನ ಅಜ್ಜಿ ರಸ್ತೆಗಿಳಿದು ನಡೆಯಬೇಕಾದರೆ ಅದು ತಪ್ಪೇ. ಆದರೆ ಅದೇ ಫುಟ್‌ಪಾತಿನ ಮೇಲೆ ಕಾರು ಏರಿಸಿ ನಿಲ್ಲಿಸುವವರಿಗೆ ಯಾರೂ ಎರಡು ದಿನದ ಗಡುವು ಕೊಡುವುದಿಲ್ಲ. ಮೇಳದ ದಿನ ಇಡೀ ರಸ್ತೆಯನ್ನೇ ಮುಚ್ಚಿದ್ದರು. ಆಗ ಅಜ್ಜಿ ಎಲ್ಲಿ ನಡೆದಳು?

ಎರಡನೆಯದು ಶುಚಿತ್ವ. ಗಾಡಿಯವರು ಶುಚಿಯಾಗಿರಲಿ ಅಂದರೆ ಒಂದು ನಲ್ಲಿ, ಒಂದು ಕಸದ ಡಬ್ಬಿ, ಹೆಂಗಸರಿಗೊಂದು ಶೌಚಾಲಯ ಬೇಕು. ಅಕ್ಕ ಬೆಳಿಗ್ಗೆ ಹತ್ತಕ್ಕೆ ಬಂದರೆ ಸಂಜೆ ಏಳರವರೆಗೆ ನೀರು ಕುಡಿಯುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಊರಿಗೆಲ್ಲ ದಾಹ ತೀರಿಸುವ ಕಾಯಿ ಮಾರುವವಳು ತಾನು ನೀರು ಕುಡಿಯದೆ ನಿಂತಿರುತ್ತಾಳೆ. ಮೂರು ದಿನದ ಮೇಳಕ್ಕೆ ಬಾಡಿಗೆ ಶೌಚಾಲಯ ತಂದಿಡಲು ಬರುವವರಿಗೆ ವರ್ಷವಿಡೀ ನಿಲ್ಲುವವಳಿಗೆ ಒಂದನ್ನು ಕೇಳಲು ಯಾಕೆ ಬರುವುದಿಲ್ಲ? ಇದನ್ನು ಕೇಳಿದಾಗ ಹಿರಿಯರು ಸುಮ್ಮನಾದರು.

ಇನ್ನು ಕಾನೂನಿನ ವಿಷಯ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ನಿಮ್ಮ ಮನೆಯವರಿಗೇ ಉಪಯೋಗಕ್ಕೆ ಬರಬಹುದು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆ ಮಾಡಿದೆ. ಗಾಡಿ, ಬುಟ್ಟಿ, ತಲೆಹೊರೆ ವ್ಯಾಪಾರ ಎಲ್ಲ ಅದರಲ್ಲಿ ಬರುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ಮೊದಲು ವ್ಯಾಪಾರಿಯನ್ನು ಎಬ್ಬಿಸುವ ಹಾಗಿಲ್ಲ. ಎಬ್ಬಿಸಲೇಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೈಗೆ ಕೊಡಬೇಕು. ಹಣ್ಣು, ತರಕಾರಿಯಂಥ ಕೊಳೆಯುವ ಸಾಮಾನನ್ನು ಕೇಳಿದ ದಿನವೇ ಬಿಡಬೇಕು, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಬಡಾವಣೆ ಸಂಘದವರಿಗೂ ಆ ಸಮಿತಿಯಲ್ಲಿ ಜಾಗ ಇದೆ. ಅಂದರೆ ಗಾಡಿಯವಳ ಬಗ್ಗೆ ದೂರಿದ್ದರೆ ಅವಳ ಎದುರಿಗೇ ಕೂತು ಮಾತಾಡಿ ಅಂತ ಕಾನೂನು ಹೇಳುತ್ತದೆ. ಇಬ್ಬರು ಅನಾಮಧೇಯರು ಬಂದು ಗದರಿಸಿ ಹೋಗಿ ಅಂತ ಹೇಳುವುದಿಲ್ಲ.

ಹನ್ನೆರಡು ವರ್ಷದ ಹಳೆಯ ಕಾನೂನು. ಅಕ್ಕನಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಪತ್ರಿಕೋದ್ಯಮ ಓದಿದ ನನಗೂ ಅವಳ ಗಾಡಿ ಹೋಗುವ ತನಕ ಪೂರ್ತಿ ಗೊತ್ತಿರಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಕೇಂದ್ರದ ಸ್ವನಿಧಿ ಸಾಲದ 10 ಸಾವಿರ ಅವಳಿಗೆ ಕೊರೊನಾ ಕಾಲದಲ್ಲಿ ಸಿಕ್ಕಿತ್ತು, ತೀರಿಸಿಯೂ ಆಗಿತ್ತು. ಸಾಲ ಕೊಡುವಾಗ ಬೀದಿ ವ್ಯಾಪಾರಿ, ಬೀದಿಯಲ್ಲಿ ನಿಂತಾಗ ಒತ್ತುವರಿದಾರಳು! ಒಂದೇ ಆಧಾರ್ ಕಾರ್ಡು, ಎರಡು ಹೆಸರು.

ನಮ್ಮ ಊರಿನವರ ತಪ್ಪೂ ಇದೆ. ಬೆಂಗಳೂರಿನಲ್ಲಿ ನಾಲ್ಕು ಕಾಸು ಮಾಡಿಕೊಂಡು ಸೈಟು ತೆಗೆದ ನಮ್ಮವರೇ ಬಡಾವಣೆ ಸಂಘದಲ್ಲಿ ಕೂತು, ಮುಂದಿನ ಸಾಲಿನಿಂದ 'ಗಾಡಿಯವರನ್ನು ಎತ್ತಿಸಿ' ಅನ್ನುವುದನ್ನು ನಾನು ಕೇಳಿದ್ದೇನೆ. ಜಾತ್ರೆಗೆ ಊರಿಗೆ ಬಂದಾಗ ಇವರೇ ತೇರಿನ ಬೀದಿಯಲ್ಲಿ ನಿಂತು ಮಿರ್ಚಿ ತಿನ್ನುತ್ತಾರೆ. ಈ ಬೇಸಿಗೆ ಅವರು ಊರಿಗೆ ಬಂದರೆ ಸುಮ್ಮನೆ ಕೇಳಿ: 'ನಿಮ್ಮ ರಸ್ತೆಯ ಗಾಡಿಯವಳು ಈಗ ಎಲ್ಲಿದ್ದಾಳೆ?'

ಅಕ್ಕ ಮೇಳ ಮುಗಿದ ಮೇಲೆ ಒಂಬತ್ತು ದಿನ ಬಿಟ್ಟು ವಾಪಸ್ ಬಂದಳು. ಹಳೇ ಮೂಲೆಗಲ್ಲ, ಪಾರ್ಕಿನ ಹಿಂಬದಿಗೆ, ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ. ಅಲ್ಲಿ ನೆರಳಿಲ್ಲ, ಗಿರಾಕಿ ಅರ್ಧ. ಬೇಸಿಗೆಯ ಒಳ್ಳೇ ದಿನಗಳೇ ಹೋದವು. ಮಗನ ಕಾಲೇಜು ಫೀಸಿಗೆ ಅಂತ ಇಟ್ಟದ್ದನ್ನು ಮನೆ ಬಾಡಿಗೆಗೆ ಕೊಟ್ಟಳಂತೆ. ನಾನು ಕಾಯ್ದೆಯ ಆ ನಾಲ್ಕು ಕಲಮುಗಳನ್ನು ಕನ್ನಡದಲ್ಲಿ ಬರೆದು ಪ್ರಿಂಟ್ ತೆಗೆದು ಕೊಟ್ಟೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಾಳೆ.

ಈಗ ಬೆಂಗಳೂರಿನ ಪಾಲಿಕೆ ಒಂದು ಹೋಗಿ ಐದಾಗಿದೆ, ಯಾವ ಕಚೇರಿಗೆ ಹೋಗಬೇಕು ಅನ್ನುವುದೇ ಗಾಡಿಯವರಿಗೆ ಹೊಸ ತಲೆನೋವು. ನಿಮ್ಮ ಮನೆಯವರೋ ನೆಂಟರೋ ಅಲ್ಲಿ ಗಾಡಿ ಇಟ್ಟಿದ್ದರೆ ಇವತ್ತು ರಾತ್ರಿ ಫೋನ್ ಮಾಡಿ. ಬೀದಿ ವ್ಯಾಪಾರಿ ಗುರುತಿನ ಚೀಟಿ, ಪ್ರಮಾಣಪತ್ರ ಮಾಡಿಸಿದ್ದಾರಾ ಕೇಳಿ. ಇಲ್ಲ ಅಂದರೆ ವಾರ್ಡ್ ಕಚೇರಿಯಲ್ಲಿ ಅರ್ಜಿ ಹಾಕಿ ಸ್ವೀಕೃತಿ ತೆಗೆದುಕೊಳ್ಳಲು ಹೇಳಿ. ಪಾರ್ಕಿನ ಬೇಲಿಗೆ ಈ ವರ್ಷದ ಮೇಳದ ಬ್ಯಾನರ್ ಆಗಲೇ ಕಟ್ಟಿದ್ದಾರೆ. ಮೊನ್ನೆ ಅಕ್ಕ ಅದರ ಫೋಟೊ ತೆಗೆದು ಕಳಿಸಿ, ತಾರೀಖು ಎಷ್ಟು ಅಂತ ಓದಿ ಹೇಳು ಅಂದಳು.