ದೃಶ್ಯದಾಖಲೆಯ ಮೂಲಪ್ರತಿ ಮತ್ತು ಸಂಕಲನದ ಪ್ರತಿ

ಜಾನಪದ ಮಹಾಕಾವ್ಯದ ಪಠ್ಯವೆಂದರೆ ಹಾಡಿದ ಸಾಲುಗಳಷ್ಟೇ ಅಲ್ಲ, ಹಾಡಿದ ಸಂದರ್ಭವೂ ಹೌದು ಎಂಬ ವಿಚಾರ ಕನ್ನಡ ವಿದ್ವತ್ ವಲಯದಲ್ಲಿ ನೆಲೆಗೊಂಡು ಬಹುಕಾಲವಾಗಿದೆ. 1990ರ ಡಿಸೆಂಬರ್‌ನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು ಫಿನ್‌ಲ್ಯಾಂಡಿನ ಲೌರಿ ಹೊಂಕೊ ಹಾಗೂ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡವು ಧ್ವನಿಯ ಜೊತೆಗೆ ದೃಶ್ಯವಾಗಿಯೂ ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಅಂದು ಒಂದು ದೊಡ್ಡ ಯೋಜನೆಗೆ ಮಾತ್ರ ಸಾಧ್ಯವಾಗಿದ್ದ ದೃಶ್ಯದಾಖಲಾತಿ ಇಂದು ಪ್ರತಿಯೊಬ್ಬ ಸಂಶೋಧನ ವಿದ್ಯಾರ್ಥಿಯ ಕೈಗೆ ಎಟುಕಿದೆ. ಆದರೆ ದಾಖಲಿಸಿದ್ದನ್ನು ಕಂಪ್ಯೂಟರಿಗೆ ಇಳಿಸಿ, ಸಂಕಲನಕ್ಕೆ ಒಗ್ಗುವ ರೂಪಕ್ಕೆ ಪರಿವರ್ತಿಸುವ ಹಂತದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬ ಪ್ರಶ್ನೆ ವಿದ್ವತ್ ಚರ್ಚೆಯ ವಸ್ತುವಾಗಿಲ್ಲ. ಅದು ತಾಂತ್ರಿಕ ಸಿಬ್ಬಂದಿಯ ಕೆಲಸವೆಂಬ ಭಾವನೆಯೇ ಪ್ರಬಲವಾಗಿದೆ. ಈ ಭಾವನೆ ಮರುಪರಿಶೀಲನೆಗೆ ಅರ್ಹವಾಗಿದೆ.

ಪರಿವರ್ತನೆಯ ಅಗತ್ಯ ನಿಜವಾದುದು. ಮಿನಿ ಡಿವಿ ಟೇಪುಗಳ ಕಾಲದಲ್ಲಿ ಪ್ರತಿಯೊಂದು ಚಿತ್ರಚೌಕಟ್ಟೂ ಸ್ವತಂತ್ರವಾಗಿ ದಾಖಲಾಗುತ್ತಿತ್ತು. ಒಂದು ಗಂಟೆಗೆ ಸುಮಾರು 13 ಗಿಗಾಬೈಟ್ ತೆಗೆದುಕೊಂಡರೂ ಸಂಕಲನ ಸರಾಗವಾಗಿ ನಡೆಯುತ್ತಿತ್ತು. 2003ರಲ್ಲಿ ಎಚ್.264 ಮಾನಕವೂ, 2006ರಲ್ಲಿ ಅದನ್ನು ಆಧರಿಸಿದ ಎವಿಸಿಎಚ್‌ಡಿ ಎಂಬ ಕ್ಯಾಮೆರಾ ರೂಪವೂ ಬಂದ ಮೇಲೆ ಸ್ಥಿತಿ ಬದಲಾಯಿತು. ಇಲ್ಲಿ ಕೆಲವು ಚೌಕಟ್ಟುಗಳು ಮಾತ್ರ ಪೂರ್ಣವಾಗಿರುತ್ತವೆ. ಉಳಿದವುಗಳಲ್ಲಿ ಹಿಂದುಮುಂದಿನ ಚೌಕಟ್ಟುಗಳಿಗಿಂತ ಭಿನ್ನವಾದ ಅಂಶವಷ್ಟೇ ಇರುತ್ತದೆ. ಹಾಡಿನ ಹಸ್ತಪ್ರತಿಯಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ಣವಾಗಿ ಬರೆದು ಮುಂದೆ ಅದರ ಮೊದಲಕ್ಷರವನ್ನಷ್ಟೇ ಸೂಚಿಸುವ ಲಿಪಿಕಾರನ ರೂಢಿಯನ್ನು ಇದು ಹೋಲುತ್ತದೆ. ಮೊದಲಿನಿಂದ ಓದುವವನಿಗೆ ತೊಂದರೆಯಿಲ್ಲ. ನಡುವಿನ ಒಂದು ಹಾಳೆಯನ್ನು ಎತ್ತಿಕೊಂಡವನು ಹಿಂದಕ್ಕೆ ಹೋಗಲೇಬೇಕು. ಸಂಕಲನಕಾರ ಸದಾ ನಡುವಿನ ಹಾಳೆಗಳನ್ನೇ ಎತ್ತುವವನು. ಆದ್ದರಿಂದಲೇ ಕಂಪ್ಯೂಟರ್ ತಡವರಿಸುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಚೌಕಟ್ಟನ್ನೂ ಸ್ವತಂತ್ರವಾಗಿ ಬಿಡಿಸಿಡುವ ಮಧ್ಯವರ್ತಿ ರೂಪಗಳು ಬಂದವು. ಅವಿಡ್ ಸಂಸ್ಥೆಯ ಡಿಎನ್‌ಎಕ್ಸ್‌ಎಚ್‌ಡಿ, 2007ರಲ್ಲಿ ಬಂದ ಆ್ಯಪಲ್‌ನ ಪ್ರೋರೆಸ್ ಅಂಥವು.

ಇಲ್ಲಿ ಒಂದು ಲೆಕ್ಕ ಗಮನಾರ್ಹ. ಸೆಕೆಂಡಿಗೆ 24 ಮೆಗಾಬಿಟ್ ವೇಗದ ಎವಿಸಿಎಚ್‌ಡಿ ದಾಖಲೆಗೆ ಗಂಟೆಯೊಂದಕ್ಕೆ ಸುಮಾರು 11 ಗಿಗಾಬೈಟ್ ಸಾಕು. ಅದನ್ನೇ ಸೆಕೆಂಡಿಗೆ 25 ಚೌಕಟ್ಟುಗಳ ಪ್ರೋರೆಸ್ 422 ರೂಪಕ್ಕೆ ತಂದರೆ ಗಂಟೆಗೆ ಸುಮಾರು 55 ಗಿಗಾಬೈಟ್ ಬೇಕು. ರಾತ್ರಿಯಿಡೀ, ಎಂಟು ಗಂಟೆ ನಡೆದ ಒಂದು ಹಾಡುಗಾರಿಕೆಯ ಮೂಲ 90 ಗಿಗಾಬೈಟಿನೊಳಗೆ ಮುಗಿದರೆ, ಪರಿವರ್ತಿತ ಪ್ರತಿ 440 ಗಿಗಾಬೈಟನ್ನು ಮುಟ್ಟುತ್ತದೆ. ಐದುಪಟ್ಟು ದೊಡ್ಡದಾದ ಮಾತ್ರಕ್ಕೆ ಈ ಪ್ರತಿ ಐದುಪಟ್ಟು ಶ್ರೇಷ್ಠವಾಗುವುದಿಲ್ಲ. ಮೂಲದಲ್ಲಿಲ್ಲದ ಒಂದು ವಿವರವೂ ಅದರಲ್ಲಿ ಸೇರಿರುವುದಿಲ್ಲ. ಆದರೂ ಸ್ಥಳಾಭಾವ ಉಂಟಾದಾಗ, ತಡವರಿಸುತ್ತದೆಂಬ ಕಾರಣಕ್ಕೆ ಮೂಲವನ್ನು ಅಳಿಸಿ, ಸಲೀಸಾಗಿ ತೆರೆದುಕೊಳ್ಳುವ ಪರಿವರ್ತಿತ ಪ್ರತಿಯನ್ನು ಉಳಿಸಿಕೊಳ್ಳುವ ಪ್ರವೃತ್ತಿಯಿದೆ. ಇದು ತಾಳೆಗರಿಯನ್ನು ಒಲೆಗೆ ಹಾಕಿ ದುಂಡಕ್ಷರದ ನಕಲನ್ನು ಕಾಪಿಟ್ಟಂತೆ. ವಾಸ್ತವದಲ್ಲಿ ಮೂಲವೇ ಚಿಕ್ಕದು, ಮೂಲವೇ ಪ್ರಮಾಣ. ಸಂಕಲನದ ಪ್ರತಿಯನ್ನು ಕೆಲಸ ಮುಗಿದ ಮೇಲೆ ಅಳಿಸಿದರೂ ಮೂಲದಿಂದ ಮತ್ತೆ ಪಡೆಯಬಹುದು.

ಪರಿವರ್ತನೆ ಅರ್ಥವನ್ನೂ ಬದಲಿಸಬಲ್ಲದು ಎಂಬುದಕ್ಕೆ ಕಂಸಾಳೆಯ ದಾಖಲೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಂಚಿನ ಬಟ್ಟಲಿಗೆ ತಾಳ ಬಡಿಯುವ ಕ್ಷಣ, ಹೆಜ್ಜೆ ಊರುವ ಕ್ಷಣ, ಪದ ಹೊರಡುವ ಕ್ಷಣ ಇವುಗಳ ಸಂಬಂಧವೇ ಅಲ್ಲಿ ಅಧ್ಯಯನದ ವಿಷಯ. ಮೊಬೈಲ್ ಫೋನುಗಳು ಮಂದ ಬೆಳಕಿನಲ್ಲಿ ಚೌಕಟ್ಟುಗಳ ವೇಗವನ್ನು ತಾವಾಗಿಯೇ ತಗ್ಗಿಸುವುದುಂಟು. ವೇಗ ಸ್ಥಿರವೆಂದು ಭಾವಿಸುವ ಸಂಕಲನ ತಂತ್ರಾಂಶದಲ್ಲಿ ಇಂಥ ಫೈಲು ತೆರೆದಾಗ ದೃಶ್ಯ ಮತ್ತು ಧ್ವನಿ ಕ್ರಮೇಣ ಬೇರೆಯಾಗುತ್ತವೆ. ಸ್ಥಿರವೇಗಕ್ಕೆ ಪರಿವರ್ತಿಸಿಕೊಳ್ಳುವುದೇ ಇದಕ್ಕೆ ಮದ್ದು. ಆದರೆ ಆ ಕ್ರಿಯೆಯಲ್ಲಿ ಕೆಲವು ಚೌಕಟ್ಟುಗಳು ಇಮ್ಮಡಿಯಾಗುತ್ತವೆ, ಕೆಲವು ಲೋಪವಾಗುತ್ತವೆ. ಹಳೆಯ ಡಿವಿ ದಾಖಲೆಗಳಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಅಲ್ಲಿ ಒಂದೊಂದು ಚೌಕಟ್ಟು ಬೇರೆ ಬೇರೆ ಕ್ಷಣಗಳ ಎರಡು ಅರ್ಧಚಿತ್ರಗಳಿಂದ ಹೆಣೆದದ್ದು. ಭಾರತದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 50 ಕ್ಷಣಗಳು ದಾಖಲಾಗಿರುತ್ತವೆ. ಒಂದು ಅರ್ಧಚಿತ್ರವನ್ನು ಕೈಬಿಡುವ ಪರಿವರ್ತನೆಯಲ್ಲಿ 25 ಮಾತ್ರ ಉಳಿಯುತ್ತವೆ. ವೀಕ್ಷಕನಿಗೆ ಇದು ಗೋಚರಿಸದಿರಬಹುದು; ತಾಳವನ್ನು ಅಳೆಯುವ ಸಂಶೋಧಕನಿಗೆ ಇದು ಪಾಠಲೋಪವೇ ಸರಿ.

ಎಲ್ಲ ಪರಿವರ್ತನೆಯೂ ಒಂದೇ ಬಗೆಯದಲ್ಲ ಎಂಬ ವಿವೇಕವೂ ಅಗತ್ಯ. ಫೈಲಿನ ಹೊರಹೊದಿಕೆ ಬೇರೆ, ಒಳಗಿನ ಸಂಕೇತನ ಬೇರೆ. ಹೊದಿಕೆಯನ್ನಷ್ಟೇ ಬದಲಿಸಿದರೆ ಚಿತ್ರಕ್ಕೆ ಧಕ್ಕೆಯಿಲ್ಲ. ಅದು ಹಸ್ತಪ್ರತಿಗೆ ಹೊಸ ರಟ್ಟು ಕಟ್ಟಿದಂತೆ. ಒಳಗಿನ ಸಂಕೇತನ ಬದಲಾದರೆ ಅದು ಹೊಸ ಲಿಪಿಕಾರನ ಹೊಸ ಪ್ರತಿ. 2000ದಲ್ಲಿ ಆರಂಭವಾದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಈ ಎರಡನ್ನೂ ಮಾಡಬಲ್ಲದು. ಯಾವುದನ್ನು ಮಾಡಲಾಯಿತೆಂಬುದು ದಾಖಲಾಗಬೇಕು. ಹಾಗೆಯೇ ದೀರ್ಘ ದಾಖಲೆಯನ್ನು ಕ್ಯಾಮೆರಾ ಹಲವು ತುಂಡುಗಳಾಗಿ ಕಾರ್ಡಿನಲ್ಲಿ ಇಡುವುದರಿಂದ, ಬಿಡಿ ಫೈಲುಗಳನ್ನಷ್ಟೇ ಎತ್ತಿಕೊಂಡರೆ ಸಂದುಗಳಲ್ಲಿ ಧ್ವನಿ ತುಂಡಾಗುವ ಸಂಭವವಿದೆ. ಇಡೀ ಕಾರ್ಡಿನ ರಚನೆಯನ್ನೇ ಯಥಾವತ್ತಾಗಿ ನಕಲಿಸಿಕೊಳ್ಳುವುದು ಕ್ಷೇಮ.

ಕ್ಯಾಮೆರಾ ರೂಪಗಳು ಬೇಗ ಹಳತಾಗುವುದರಿಂದ ಪರಿವರ್ತನೆಯೇ ಸಂರಕ್ಷಣೆಯ ಮಾರ್ಗವೆಂಬ ವಾದವಿದೆ. ಟೇಪುಗಳ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಓದುವ ಯಂತ್ರಗಳು ವಿರಳವಾಗುತ್ತಿರುವುದರಿಂದ ಅವುಗಳನ್ನು ತಡಮಾಡದೆ ಫೈಲುಗಳಾಗಿಸಬೇಕು. ಆದರೆ ಟೇಪಿನಲ್ಲಿದ್ದ ಡಿವಿಯನ್ನು ಡಿವಿಯಾಗಿಯೇ ಇಳಿಸುವುದು ಒಂದು, 4.7 ಗಿಗಾಬೈಟಿನ ಡಿವಿಡಿಯಲ್ಲಿ ಹಿಡಿಸಲೆಂದು ಎಂಪೆಗ್-2ಕ್ಕೆ ಕುಗ್ಗಿಸುವುದು ಇನ್ನೊಂದು. ಎರಡನೆಯದು ಸಂರಕ್ಷಣೆಯಲ್ಲ, ಸಂಕ್ಷೇಪ. ರೂಪಾಂತರ ಅನಿವಾರ್ಯವಾದರೆ, ಒಂದು ಬಿಂದುವನ್ನೂ ಕಳೆಯದ ಎಫ್‌ಎಫ್‌ವಿ1 ಎಂಬ ರೂಪವಿದೆ. ಅದರ ವಿವರಣೆ 2021ರಲ್ಲಿ ಅಂತರಜಾಲ ಮಾನಕಗಳ ಕಾರ್ಯಪಡೆಯಿಂದ ಪ್ರಕಟವಾಗಿ ಎಲ್ಲರಿಗೂ ಮುಕ್ತವಾಗಿದೆ. ಎಚ್.264ನಂಥ ವ್ಯಾಪಕ ಬಳಕೆಯ ಮಾನಕದಲ್ಲಿರುವ ಮೂಲವನ್ನು ಹಳತಾಗುತ್ತದೆಂಬ ಭಯದಿಂದ ಈಗಲೇ ತ್ಯಜಿಸುವುದಕ್ಕಂತೂ ಆಧಾರವಿಲ್ಲ.

ಕನ್ನಡ ವಿಭಾಗಗಳಿಗೆ ಈ ಶಿಸ್ತು ಹೊಸತೇನಲ್ಲ. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರು ರೂಪಿಸಿದ ಗ್ರಂಥಸಂಪಾದನಾ ಶಾಸ್ತ್ರ ಮೂಲಪ್ರತಿ, ಪ್ರತ್ಯಂತರ, ಪಾಠಾಂತರ, ಲಿಪಿಕಾರದೋಷ ಎಂಬ ಪರಿಕಲ್ಪನೆಗಳನ್ನು ಸ್ನಾತಕೋತ್ತರ ತರಗತಿಯಲ್ಲೇ ಕಲಿಸುತ್ತದೆ. ಓಲೆಗರಿಯ ಒಂದು ಅಕ್ಷರಲೋಪಕ್ಕೆ ಅಡಿಟಿಪ್ಪಣಿ ಬಯಸುವ ವಿದ್ವತ್ತು, ಸೆಕೆಂಡಿಗೆ 25 ಕ್ಷಣಗಳು ಲೋಪವಾದ ದೃಶ್ಯದಾಖಲೆಯನ್ನು ಪ್ರಶ್ನಿಸದೆ ಸ್ವೀಕರಿಸುವುದು ವಿಸಂಗತ. ಕ್ಷೇತ್ರಕಾರ್ಯವನ್ನು ಆಧರಿಸಿದ ಪ್ರಬಂಧದೊಡನೆ ಯಾವ ಕ್ಯಾಮೆರಾ, ಯಾವ ರೂಪ, ಎಷ್ಟು ಚೌಕಟ್ಟಿನ ವೇಗ, ಪರಿವರ್ತಿಸಿದ್ದು ಯಾವ ತಂತ್ರಾಂಶದಲ್ಲಿ, ಯಾವ ದಿನ, ಮೂಲ ಎಲ್ಲಿದೆ ಎಂಬ ಒಂದು ಪುಟದ ವಿವರಣೆಯನ್ನು ಕಡ್ಡಾಯಗೊಳಿಸಬೇಕು. ಮೂಲದ ಎರಡು ನಕಲುಗಳು ಎರಡು ಬೇರೆ ಕಡೆ ಇರಬೇಕು. ಸಂಕಲಿತ ಸಾಕ್ಷ್ಯಚಿತ್ರವನ್ನು ವ್ಯಾಖ್ಯಾನವೆಂದು ಪರಿಗಣಿಸಬೇಕೇ ಹೊರತು ಆಕರವೆಂದಲ್ಲ.

ಇವಕ್ಕೆ ತಗಲುವ ವೆಚ್ಚ ಕ್ಷೇತ್ರಕಾರ್ಯದ ವೆಚ್ಚಕ್ಕೆ ಹೋಲಿಸಿದರೆ ಅಲ್ಪ. ಹಾಡಿದ ಕಲಾವಿದರು ತೀರಿಕೊಂಡ ಮೇಲೆ ಆ ಹಾಡುಗಾರಿಕೆಯನ್ನು ಮತ್ತೊಮ್ಮೆ ದಾಖಲಿಸಲಾಗದು. ಕ್ಯಾಮೆರಾ ಹಿಡಿದಿಟ್ಟಷ್ಟನ್ನಾದರೂ ಮುಂದಿನ ಸಂಶೋಧಕರಿಗೆ ಯಥಾರೂಪದಲ್ಲಿ ದಾಟಿಸುವ ಹೊಣೆ ವಿಭಾಗಗಳದ್ದೇ.